ಸೀರೆ ಹಿಡಿದು ಬಾಗಿಲು ಅಳೆಯುವ ಕಾಕಾ

ನಮ್ಮ ಕಾಕಾನಿಗೆ ಬರುವುದು ಒಂದೇ ಇಂಗ್ಲಿಷ್ ಶಬ್ದ. ಅಷ್ಟರಲ್ಲೇ ಅವರು ಬನಹಟ್ಟಿಯಿಂದ ಲಂಡನ್ನಿಗೆ ಹೋಗಿ, ಜಗಳಾಡಿ, ವಾಪಸ್ ಬರಬಲ್ಲರು. ಆ ಶಬ್ದ "ವೈಡ್".

ಮಗ್ಗದ ಮೇಲಿನ ಸೀರೆ ವೈಡ್. ಸಮೀರವಾಡಿ ರಸ್ತೆಯಲ್ಲಿ ಎದುರಾಗುವ ಕಬ್ಬಿನ ಟ್ರ್ಯಾಕ್ಟರ್ ವೈಡ್. ಕ್ರಿಕೆಟ್ಟಿನಲ್ಲಂತೂ ಅಂಪೈರ್‌ಗಿಂತ ಮೊದಲು ಇವರೇ ಕೈ ಚಾಚಿ ಪಕ್ಕದವರ ಚಹಾ ಚೆಲ್ಲುತ್ತಾರೆ. ನನ್ನ ಬಾಯಿ? ಅದೂ ವೈಡ್ ಅಂತೆ.

ಹೋದ ವರ್ಷ ಕಾಕಾನ ಹೆಂಡತಿ, ನಮ್ಮ ಕಾಕು, ಬಿದ್ದು ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದಳು. ಅಂದಿನಿಂದ ಹೊಸ್ತಿಲು ದಾಟಿಲ್ಲ.

"ಮಂದಿ ಬಾಗಲದಾಗ ಕುರ್ಚಿ ಸಿಕ್ಕೊಂಡ್ರ ನನ್ನ ಚೀಲಧಂಗ ಎತ್ತಿ ಒಳಗ ಒಯ್ತಾರ. ನಾ ಒಲ್ಲೆ."

ಅಷ್ಟರಲ್ಲಿ ಮುಧೋಳದಲ್ಲಿ ಅವಳ ತಂಗಿಯ ಮಗಳ ಕುಬಸ ಬಂತು. ಚೊಚ್ಚಲ ಬಸುರಿಯ ಸೀಮಂತ. ಕಾಕುವನ್ನು ಹೇಗಾದರೂ ಕರೆದೊಯ್ಯಬೇಕೆಂದು ಕಾಕಾ ಹಟ ಹಿಡಿದರು. ಕುರ್ಚಿ ಹಿಡಿಸುವುದೋ ಎಂದು ಬಾಗಿಲು ಅಳೆಯಲು ಟೇಪು ತಂದರೇ? ಜನ್ಮವೆಲ್ಲ ಸೀರೆ ನೇಯ್ದವರು ಟೇಪನ್ನು ನಂಬುತ್ತಾರೆಯೇ! ಹೊಸ ಸೀರೆಯೊಂದನ್ನು ಕುರ್ಚಿಯ ಅಗಲಕ್ಕೆ ಮಡಚಿದರು. ರೂಢಿಯಾಗಲೆಂದು ಮೊದಲು ಜಮಖಂಡಿಯ ಬೀಗರ ಬಾಗಿಲಿಗೆ ಅಡ್ಡ ಹಿಡಿದು ನಿಂತರು. ನಮ್ಮ ಕಡೆ ಹೊಸ ಸೀರೆ ಹಿಡಿದು ಬಾಗಿಲಿಗೆ ಬಂದರೆ ಉಡುಗೊರೆ ಎಂದೇ ಅರ್ಥ. ಬೀಗತಿ ಕುಂಕುಮದ ಬಟ್ಟಲು ತಂದೇಬಿಟ್ಟಳು.

"ಇದೆಲ್ಲಾ ಯಾಕ ತರಾಕ ಹೋದ್ರಿ ಅಣ್ಣಾರ?"

"ಅಕ್ಕಾರ, ಇದು ಬಾಗಲಕ್ಕ ತಂದದ್ದರೀ..."

ಸೀರೆ ಅಷ್ಟರಲ್ಲಿ ಒಳಗೆ ಹೋಗಿಯಾಗಿತ್ತು. ಬಾಗಿಲು ಮಾತ್ರ ಅಳೆಯದೇ ಉಳಿಯಿತು.

"ಬಾಗಲಾ ಅಳೀರಿ, ಊರಿಗೆಲ್ಲಾ ಸೀರಿ ಉಡಸಬ್ಯಾಡ್ರಿ" ಎಂದು, ಮನೆಯಲ್ಲಿ ಸುದ್ದಿ ಕೇಳಿದ ಕಾಕು ಬಹಳ ದಿನಗಳ ನಂತರ ನಕ್ಕಳು. ನಕ್ಕ ತಪ್ಪಿಗೆ ಹೊರಡಲೂ ಒಪ್ಪಬೇಕಾಯಿತು. "ಕುರ್ಚಿ ಹಿಡಸಲಿಲ್ಲಂದ್ರ ಅಲ್ಲಿಂದನ ತಿರಗಿ ಬರೂದು" ಎಂಬ ಕರಾರಿನ ಮೇಲೆ.

ಮುಧೋಳದ ಮನೆ ಹಳೆಯದು. ಕಾಕಾ ಇನ್ನೊಂದು ಸೀರೆ ಮಡಚಿ ಹಿಡಿದರು. ಅಂಚು ಚೌಕಟ್ಟಿಗೆ ತಾಗಿ ಮುದುಡಿತು. ಮತ್ತೆ ಹಿಡಿದರು. ಬಾಗಿಲೇನು ಕರುಣೆಯಿಂದ ಅಗಲವಾದೀತೇ?

"ಆತಲ್ರಿ, ನಡೀರಿ" ಎಂದಳು ಕಾಕು, ನೆಲ ನೋಡುತ್ತ.

ಒಳಗೆ ಮಣೆಯ ಮೇಲೆ ಕೂತಿದ್ದ ಬಸುರಿ ಹುಡುಗಿ ಎದ್ದಳು. ತಲೆ ತುಂಬ ಹೂವು, ಒಂದು ಕೈ ಹೊಟ್ಟೆಯ ಮೇಲೆ. ಸೀದಾ ಬೀದಿಗೆ ಬಂದಳು.

"ಯವ್ವಾ, ಮಣಿ ಇಲ್ಲೇ ಹಾಕ್ಸ. ದೊಡ್ಡವ್ವನ ಮುಂದ ಕುಂಡ್ರತೇನಿ."

ಕುಬಸ ಬೀದಿಯಲ್ಲೇ ಆಯಿತು. ಆರತಿ ಬಂತು, ಹಾಡು ಬಂತು, ಅಡ್ಡ ಬಂದ ಆಟೋ ಹಿಂದಕ್ಕೆ ಹೋಯಿತು. ಮೊದಲ ಬಳೆ ತೊಡಿಸಿದ್ದು ಕಾಕು.

ಮರಳುವಾಗ ಗಾಡಿಯಲ್ಲಿ, ಊರು ಹತ್ತಿರ ಬಂದಾಗ ಕಾಕು ಕಾಕಾನ ತೋಳು ತಟ್ಟಿದಳು.

"ರಬಕವಿಯೊಳಗ ನಿಮ್ಮ ಗೆಳ್ಯಾನ ಮೊಮ್ಮಗನ ತೊಟ್ಟಲ ಕಾರ್ಯ ಐತಂತಲ್ಲ? ಬಾಗಲಾ ಹೆಂಗರ ಇರಲಿ. ಹೋಗೂಣು."