ಪಶ್ಚಿಮದ ಗೋಡೆಗೊಂದು ಹೊಂಗೆ

ಎಲ್ಲ ರಗಳೆಗೂ ಮೂಲ ಮಲಗುವ ಕೋಣೆಯ ಪಶ್ಚಿಮದ ಗೋಡೆ.

ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವನಿಗೆ ಹಗಲೇ ರಾತ್ರಿ. ಬೀದಿಯವರೆಲ್ಲ ಬ್ರೆಡ್ಡಣ್ಣ ಎಂದು ಕರೆಯುತ್ತಿದ್ದ ಆತ ಹನ್ನೊಂದು ವರ್ಷದಿಂದ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು ಎಂಟಕ್ಕೆ ಹಾಸಿಗೆ ಸೇರುತ್ತಿದ್ದ. ಹನ್ನೆರಡರ ತನಕ ನಿದ್ದೆಗೇನೂ ಕೊರತೆಯಿರಲಿಲ್ಲ. ಆಮೇಲೆ ಸೂರ್ಯ ಆ ಕಡೆಗೆ ವಾಲುತ್ತಿದ್ದ, ಗೋಡೆ ಹಂಚಿನ ಹಾಗೆ ಕಾಯುತ್ತಿತ್ತು, ಬ್ರೆಡ್ಡಣ್ಣ ಹಾಸಿಗೆಯ ಮೇಲೆ ಮಗುಚಿ ಮಗುಚಿ ಬೇಯುತ್ತಿದ್ದ.

"ಬ್ರೆಡ್ಡನ್ನಾದ್ರೂ ಒಂದೇ ಸಲ ಬೇಯಿಸ್ತಾರೆ ಕಣೆ. ನನ್ನನ್ನ ರಾತ್ರಿ ಒಂದು ಸಲ, ಹಗಲು ಒಂದು ಸಲ," ಎಂದು ಹೆಂಡತಿಯ ಮುಂದೆ ಗೋಳಾಡಿಕೊಳ್ಳುತ್ತಿದ್ದ.

"ಅಲ್ಲೊಂದು ಮರ ಇದ್ದಿದ್ರೆ ಈ ಗೋಳೇ ಇರ್ತಿರ್ಲಿಲ್ಲ. ಹನ್ನೊಂದು ವರ್ಷದ ಹಿಂದೇನೇ ಹೇಳಿದ್ದೆ," ಎಂದಳು ಆಕೆ ಅವತ್ತು ಬೆಳಿಗ್ಗೆ ಚಹಾ ಕೊಡುತ್ತ. ಹನ್ನೊಂದು ವರ್ಷದಿಂದ ದಿನವೂ ಹೇಳುತ್ತಿದ್ದ ಮಾತು. ಅವತ್ತೇಕೋ ಅದು ಬ್ರೆಡ್ಡಣ್ಣನ ಎದೆಗೆ ನಾಟಿತು. ಒಂದು ಗಿಡ ತರುವುದು, ಒಂದು ಗುಂಡಿ ತೋಡುವುದು, ಎಲ್ಲ ಸೇರಿ ಒಂದು ಗಂಟೆಯ ಕೆಲಸ. ಒಂಬತ್ತಕ್ಕೆಲ್ಲ ಮಲಗಬಹುದು ಎಂದುಕೊಂಡು ಸೈಕಲ್ ಹತ್ತಿದ.

ನರ್ಸರಿಯ ಮುದುಕ ಸ್ಟೂಲಿನ ಮೇಲೆ ಕೂತು ಸಸಿಗಳಿಗೆ ನೀರು ಬಿಡುತ್ತಿದ್ದ.

"ಬೇಗ ಬೆಳೆಯೋ ಮರ ಯಾವುದಿದೆ ಯಜಮಾನ್ರೇ?"

"ಅಗೋ, ಆ ಸಾಲು. ಹೊರದೇಶದ್ದು. ಎರಡೇ ವರ್ಷದಲ್ಲಿ ಮನೆ ಎತ್ತರ ಬರುತ್ತೆ. ಮೂರನೇ ವರ್ಷ ಗಾಳಿ ಬೀಸಿದ್ರೆ ಮನೆ ಮೇಲೇ ಬರುತ್ತೆ."

"ಅಯ್ಯೋ!"

"ನಮ್ಮ ನೆಲದ್ದು ತಗೊಳ್ಳಿ. ನಿಧಾನ, ಆದ್ರೆ ಕೈ ಬಿಡಲ್ಲ. ಇಲ್ಲಿನ ಬಿಸಿಲು ಅದಕ್ಕೆ ಗೊತ್ತು, ಅದರ ಗುಣ ಹಕ್ಕಿಗಳಿಗೆ ಗೊತ್ತು. ಹಣ್ಣಿನದು ಕೊಡ್ಲಾ?"

ಹಣ್ಣು ಎಂದೊಡನೆ ಬ್ರೆಡ್ಡಣ್ಣನ ಬಾಯಲ್ಲಿ ನೀರೂರಿತು. ನೇರಳೆ ಸಸಿ ಸೈಕಲ್ಲಿನ ಹಿಂದೆ ಕೂತು ಬಂತು.

ಗೋಡೆಯಿಂದ ಮೂರಡಿ ದೂರದಲ್ಲಿ ಗುದ್ದಲಿ ಹಾಕಿದ್ದೇ ತಡ, ಎದುರುಮನೆಯ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಓಡಿ ಬಂದಳು.

"ಬ್ರೆಡ್ಡಣ್ಣಾ, ನೇರಳೆನಾ? ನಾನು ನಿಮಗೇನು ಅನ್ಯಾಯ ಮಾಡಿದ್ದೀನಿ? ನನ್ನ ಅಂಗಳದಲ್ಲಿ ಊರಿನವರ ಬಿಳೀ ಬಟ್ಟೆ ಒಣಗ್ತಿರುತ್ತೆ. ಹಕ್ಕಿ ಇಲ್ಲಿ ತಿಂದು ಅಲ್ಲಿ ಬಂದು ಕೂತ್ರೆ ನಾನು ಗಿರಾಕಿಗಳಿಗೆ ಯಾವ ಮುಖ ತೋರಿಸ್ಲಿ?"

"ಹಣ್ಣು ಬಿಡೋಕೆ ಇನ್ನೂ ಎಷ್ಟೋ ವರ್ಷ ಬೇಕಮ್ಮ."

"ಕಲೆ ಬಿದ್ದ ಮೇಲೆ ವರ್ಷ ಎಣಿಸ್ತಾ ಕೂರ್ಲಾ? ಹಳದಿ ಹೂವಿನ ಕಕ್ಕೆ ಹಾಕಿ. ನೋಡೋಕೂ ಚೆಂದ."

ವಾದ ಮಾಡುವುದಕ್ಕಿಂತ ಸೈಕಲ್ ತುಳಿಯುವುದು ಸುಲಭ ಅನ್ನಿಸಿತು. ಬ್ರೆಡ್ಡಣ್ಣ ನೇರಳೆ ಕೊಟ್ಟು ಕಕ್ಕೆ ತಂದ. ಹತ್ತು ಗಂಟೆಯಾಗಿತ್ತು. ಕಣ್ಣೆವೆಗಳು ಹಿಟ್ಟು ಮೆತ್ತಿದ ಹಾಗೆ ಅಂಟುತ್ತಿದ್ದವು.

ಈ ಸಲ ಪಕ್ಕದ ಮನೆಯ ಸರ್ವೇಯರ್ ತಾತ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ನಿವೃತ್ತರಾಗಿ ಒಂಬತ್ತು ವರ್ಷವಾಗಿದ್ದರೂ ಅಳತೆ ಟೇಪು ಮಾತ್ರ ಇನ್ನೂ ಅವರ ಜೇಬು ಬಿಟ್ಟಿರಲಿಲ್ಲ.

"ಮೂರಡಿಗೆ ಮರ ನೆಡ್ತಾರೇನಪ್ಪಾ? ನಾಳೆ ಅದರ ಬೇರು ನಿನ್ನ ಪಾಯ ಸೇರಿದ್ರೆ? ಹನ್ನೆರಡಡಿ ಬೇಕು." ಅಳೆದು ಹೊಸ ಜಾಗಕ್ಕೆ ಸುಣ್ಣದ ಗುರುತು ಹಾಕಿಯೇ ಬಿಟ್ಟರು. "ಆಮೇಲೆ, ಇದೇನು ಕಕ್ಕೆ? ಬೇಸಿಗೇಲಿ ಎಲೆಯೆಲ್ಲ ಉದುರಿಸಿಕೊಂಡು ಹೂ ಬಿಡೋ ಮರ. ನಿನಗೆ ಬೇಕಾದಾಗ್ಲೇ ನೆರಳಿಲ್ಲ. ಮಳೇಲಿ ಮಾತ್ರ ಕೊಡೆ ಹಿಡಿಯೋ ಮರ ಬಿಸಿಲಿಗೆ ಏನು ಪ್ರಯೋಜನ?"

ಟೈಲರಮ್ಮ ಹೂವಿನ ಪರ ವಾದಿಸಿದಳು. ತಾತ ಎಲೆಯ ಪರ ವಾದಿಸಿದರು. ಇಬ್ಬರೂ ಮಧ್ಯೆ ಮಧ್ಯೆ "ನೀವೇ ಹೇಳಿ ಬ್ರೆಡ್ಡಣ್ಣಾ" ಎನ್ನುತ್ತಿದ್ದರು, ಹೇಳಲು ಮಾತ್ರ ಬಿಡಲಿಲ್ಲ. ಬ್ರೆಡ್ಡಣ್ಣ ಗುದ್ದಲಿಯ ಹಿಡಿಗೆ ಗದ್ದ ಊರಿ ನಿಂತಲ್ಲೇ ಒಂದು ನಿಮಿಷ ನಿದ್ದೆ ಮಾಡಿದ. ಆಮೇಲೆ ಮತ್ತೆ ಸೈಕಲ್ ಹತ್ತಿದ.

ಮೂರನೇ ಸಲ ಕಂಡಾಗ ನರ್ಸರಿಯ ಮುದುಕ ಸ್ಟೂಲು ಬಿಟ್ಟುಕೊಟ್ಟ.

"ನಿಮಗೆ ನಿಜವಾಗ್ಲೂ ಏನು ಬೇಕು?"

"ನೆರಳು," ಎಂದ ಬ್ರೆಡ್ಡಣ್ಣ. ಅಳು ಬರುವಂತಿತ್ತು. "ಮಧ್ಯಾಹ್ನ ನಿದ್ದೆ ಮಾಡೋಕೆ ಒಂದು ನೆರಳು."

"ಹಂಗಾದ್ರೆ ಹೊಂಗೆ. ಬೇಸಿಗೆ ಜೋರಾಗೋದ್ರೊಳಗೆ ಹೊಸ ಎಲೆ ಬಂದಿರುತ್ತೆ. ನೀರು ಜಾಸ್ತಿ ಕೇಳಲ್ಲ. ಅದರ ನೆರಳು ತಾಯಿ ಮಡಿಲಿದ್ದ ಹಾಗೆ."

"ಇದನ್ನ ಮೊದಲೇ ಕೊಡೋಕೇನಾಗಿತ್ತು?"

"ಮೊದಲು ನೀವು ಬೇಗ ಅಂದ್ರಿ. ಆಮೇಲೆ ಹಣ್ಣು ಅಂದ್ರೆ ಹೂಂ ಅಂದ್ರಿ, ಆಮೇಲೆ ಹೂವು ಅಂದ್ರಿ. ನೆರಳು ಅಂತ ಈಗ ತಾನೇ ಅಂದಿದ್ದು."

ಹೊಂಗೆಗೆ ಯಾರ ತಕರಾರೂ ಇರಲಿಲ್ಲ. ಬ್ರೆಡ್ಡಣ್ಣನಿಗೆ ನಂಬಲಿಕ್ಕೇ ಆಗಲಿಲ್ಲ. ಆ ಖುಷಿಯಲ್ಲಿ ತಾತ ಹಾಕಿದ್ದ ಸುಣ್ಣದ ಗುರುತಿನ ಮೇಲೆ ಗುದ್ದಲಿ ಎತ್ತಿ ಜೋರಾಗಿ ಹೊಡೆದ. ಠಣ್ ಎಂದಿತು. ಮರುಕ್ಷಣ ನೀರು ಅವನ ಎದೆಯೆತ್ತರಕ್ಕೆ ಚಿಮ್ಮಿತು.

ಬೀದಿಯ ನಲ್ಲಿಗಳೆಲ್ಲ ಒಟ್ಟಿಗೇ ನಿಂತವು. ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು. ಅರ್ಧ ಸ್ನಾನ ಮಾಡಿದವರು, ಅರ್ಧ ಬಟ್ಟೆ ಒಗೆದವರು, ತಲೆಗೆ ಸೋಪು ಹಚ್ಚಿಕೊಂಡವರು ಬಕೆಟ್ಟು ಹಿಡಿದು ಬಂದು ನಿಂತರು. ತೇಪೆ ಹಾಕುವುದು ಹಾಗಿರಲಿ, ಮೊದಲು ಚಿಮ್ಮುವಷ್ಟು ನೀರನ್ನು ಹಿಡಿದುಕೊಳ್ಳುವ ನೂಕಾಟ ನಡೆಯಿತು.

"ನಕ್ಷೇಲಿ ಪೈಪು ಇಲ್ಲ," ಎಂದರು ತಾತ ಗಂಭೀರವಾಗಿ. "ನಕ್ಷೆ ಪ್ರಕಾರ ಇಲ್ಲಿ ನೀರು ಬರೋಕೇ ಸಾಧ್ಯ ಇಲ್ಲ."

ಪ್ಲಂಬರ್ ಬರುವ ತನಕ ಬ್ರೆಡ್ಡಣ್ಣ ಪೈಪಿನ ತೂತಿಗೆ ತನ್ನ ಟವೆಲ್ ಒತ್ತಿ ಹಿಡಿದು ಕೂತ. ಹಾಗೆಯೇ ಎರಡು ಗಂಟೆ ಕಳೆಯಿತು. ನೆತ್ತಿಯ ಮೇಲೆ ಬಿಸಿಲು, ಕುತ್ತಿಗೆಯ ಕೆಳಗೆ ಕೆಸರು. ತೂಕಡಿಸಿದಾಗಲೆಲ್ಲ ಟವೆಲ್ ಸಡಿಲಾಗಿ ನೀರು ಮುಖಕ್ಕೆ ರಾಚುತ್ತಿತ್ತು, ಎಚ್ಚರವಾಗುತ್ತಿತ್ತು. ಹೆಂಡತಿ ಬಂದು ತಲೆಯ ಮೇಲೆ ಕೊಡೆ ಹಿಡಿದಳು.

"ಸಾಕು ಬಿಡ್ರೀ ಈ ಮರದ ಸಹವಾಸ," ಎಂದಳು.

"ಹನ್ನೊಂದು ವರ್ಷ ಹೇಳಿದವಳು ನೀನೇ ಅಲ್ವೇನೆ?"

"ಹೇಳ್ದೆ. ನೀವು ಕೇಳ್ತೀರಿ ಅಂತ ನನಗೇನು ಗೊತ್ತಿತ್ತು?"

ಪೈಪು ಸರಿಹೋದ ಮೇಲೆ ಜನಕ್ಕೆ ಕನಿಕರ ಹುಟ್ಟಿತು. ತಾತ ಗುರುತನ್ನು ಇನ್ನೂ ಮೂರಡಿ ಆಚೆಗೆ, ಓಣಿಯ ಅಂಚಿಗೆ ಸರಿಸಿದರು. ಸೋಪಿನ ತಲೆಯವರೇ ಗುದ್ದಲಿ ಕಸಿದುಕೊಂಡು ಗುಂಡಿ ತೋಡಿದರು. ಟೈಲರಮ್ಮ ಸಸಿಗೆ ಊರುಗೋಲು ನೆಟ್ಟು, ಲಂಗದ ಲಾಡಿಯಿಂದ ಮೆತ್ತಗೆ ಕಟ್ಟಿದಳು. ಮೊಳಕಾಲುದ್ದದ ಹೊಂಗೆ ಎಂಟು ಎಲೆ ಅಲ್ಲಾಡಿಸುತ್ತ ನಿಂತಿತು.

"ಇನ್ನು ಇದು ಬೀದಿಯ ಮರ," ಎಂದರು ತಾತ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬ್ರೆಡ್ಡಣ್ಣನಿಗೆ ಕಣ್ಣು ತುಂಬಿ ಬಂತು. ಎಂಥ ಒಳ್ಳೆಯ ಜನ! ಸುಮ್ಮನೆ ಬೈದುಕೊಂಡೆನಲ್ಲ. ಮೈತೊಳೆದು ಮಲಗಿದಾಗ ನಾಲ್ಕು ಗಂಟೆ. ಗೋಡೆ ಕೆಂಡದ ಹಾಗಿತ್ತು. ಆದರೆ ಮರ ಬೆಳೆಯುತ್ತಿದೆಯಲ್ಲ ಎಂಬ ಸಮಾಧಾನಕ್ಕೇ ನಿದ್ದೆ ಬಂದುಬಿಟ್ಟಿತು.

ಅರ್ಧ ಗಂಟೆಯೂ ಆಗಿರಲಿಲ್ಲ, ಧಡಲ್ ಎಂಬ ಸದ್ದಿಗೆ ಎದ್ದು ಕೂತ. ಕಿಟಕಿಯ ಹೊರಗೆ ನಗು, ಕೆಮ್ಮು, ಕಲ್ಲೆಳೆಯುವ ಸದ್ದು. ಯಾರೋ ಕಿಟಕಿಯ ಬಾಗಿಲು ಬಡಿದರು. ತೆರೆದರೆ ಸರ್ವೇಯರ್ ತಾತ.

"ನಿದ್ದೆ ಮಾಡ್ತಿದ್ಯೇನಪ್ಪಾ?"

"ಇಲ್ಲ, ಈಗ ಎದ್ದೆ."

"ಸದ್ಯ! ನಮ್ಮಿಂದ ಎಲ್ಲಿ ನಿನಗೆ ಎಚ್ಚರ ಆಗುತ್ತೋ ಅಂತ ಕೇಳೋಕೇ ಕಿಟಕಿ ಬಡಿದೆ. ಬಗ್ಗಿ ನೋಡು."

ಬ್ರೆಡ್ಡಣ್ಣ ಬಗ್ಗಿ ನೋಡಿದ. ಕಿಟಕಿಯ ಕೆಳಗೆ, ಅದೇ ಪಶ್ಚಿಮದ ಗೋಡೆಗೆ ಒತ್ತಿಕೊಂಡಂತೆ, ಉದ್ದನೆಯ ಕಲ್ಲು ಬೆಂಚು. ಟೈಲರಮ್ಮ ತನ್ನ ಅಡುಗೆಮನೆ ಕಟ್ಟೆಗೆ ತಂದು ಮಿಕ್ಕಿದ್ದ ಚಪ್ಪಡಿಯನ್ನು ಧರ್ಮಕ್ಕೆ ಕೊಟ್ಟಿದ್ದಳು. ಸೋಪಿನ ತಲೆಯವರು ಇಟ್ಟಿಗೆ ಹೊಂದಿಸುತ್ತಿದ್ದರು.

"ಬೀದಿಗೆ ಇಷ್ಟು ವರ್ಷ ಕೂತು ಮಾತಾಡೋಕೆ ಒಂದು ಜಾಗ ಇರ್ಲಿಲ್ಲ ನೋಡು," ಎಂದರು ತಾತ. "ಮರ ದೊಡ್ಡದಾದ ಮೇಲೆ ಮಧ್ಯಾಹ್ನ ಎಲ್ಲ ಇಲ್ಲೇ."

"ಮರ ದೊಡ್ಡದಾಗೋಕೆ ಏಳೆಂಟು ವರ್ಷ ಬೇಕಲ್ಲ ತಾತ," ಎಂದ ಬ್ರೆಡ್ಡಣ್ಣ. ಅವನ ದನಿಯಲ್ಲಿ ಇನ್ನೂ ಒಂದೆಳೆ ಆಸೆಯಿತ್ತು.

"ಅದನ್ನೂ ಯೋಚಿಸಿದ್ದೀನಿ ಕಣಯ್ಯಾ! ಅಲ್ಲೀ ತನಕ ನಿನ್ನ ಮನೆ ನೆರಳೇ ಇದೆಯಲ್ಲ. ಬೆಳಿಗ್ಗೆಯಿಂದ ಹನ್ನೆರಡರ ತನಕ ಈ ಕಡೆ ತಣ್ಣಗಿರುತ್ತೆ. ಅಳೆದು ನೋಡಿದ್ದೀನಿ. ನಾಳೆ ಎಂಟಕ್ಕೆ ಸರಿಯಾಗಿ ಎಲ್ಲಾ ಬರ್ತೀವಿ. ಟೈಲರಮ್ಮ ಹೊಲಿಗೆ ಯಂತ್ರಾನೂ ತರ್ತಾಳಂತೆ."

ಬ್ರೆಡ್ಡಣ್ಣ ಕಿಟಕಿ ಹಾಕಿದ, ಅಂಗಿ ತೊಟ್ಟ, ಸೈಕಲ್ ತೆಗೆದ.

"ಪಾಳಿ ಇರೋದು ಎಂಟಕ್ಕಲ್ವಾ? ಇನ್ನೂ ಐದೂ ಆಗಿಲ್ಲ. ಎಲ್ಲಿಗ್ರೀ?" ಎಂದು ಹೆಂಡತಿ ಬಾಗಿಲಿಗೆ ಬಂದಳು.

"ಕಾರ್ಖಾನೆಗೆ. ಒಲೆ ಪಕ್ಕ ಮೈದಾ ಮೂಟೆ ಪೇರಿಸಿರ್ತಾರೆ, ಅದರ ಮೇಲೆ ಸ್ವಲ್ಪ ಮಲಗ್ತೀನಿ."

"ಒಲೆ ಪಕ್ಕನಾ? ಅಲ್ಲಿ ಸೆಖೆ ಅಲ್ವೇನ್ರೀ?"

"ಸೆಖೆಯೇ ಕಣೆ," ಎಂದ ಬ್ರೆಡ್ಡಣ್ಣ ಪೆಡಲ್ ಮೇಲೆ ಕಾಲಿಡುತ್ತ. "ಆದ್ರೆ ಮೂಟೆಗಳು ಮಾತಾಡಲ್ಲ."