ಹೊಸ್ತಿಲು ಕೊಯ್ಸಿದ ಚಿಕ್ಕಪ್ಪ

ಮಹಾಲಕ್ಷ್ಮಿಯನ್ನು ಮನೆಯೊಳಕ್ಕೆ ಬಿಡುವ ಅಧಿಕಾರ ಹೊಸ್ತಿಲಿಗಿದೆಯೆಂದು ನೀವೂ ನಂಬಿದ್ದೀರಾ? ಹಾಗಿದ್ದರೆ ನನ್ನ ಚಿಕ್ಕಪ್ಪನಂಥ ಮಹಾಪಾಪಿ ಇಡೀ ಕೊಯಮತ್ತೂರು ಜಿಲ್ಲೆಯಲ್ಲಿಲ್ಲ!

ಎಳವೆಯ ಜ್ವರವೊಂದು ಅವರ ಕಾಲುಗಳ ಬಲವನ್ನು ಕೊಂಡೊಯ್ದಿತ್ತು. ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತು, ಗಾಲಿ ಜೋಡಿಸಿದ ಹಲಗೆಯೊಂದನ್ನು ಮಾಡಿಸಿಕೊಂಡು, ನಮ್ಮ ದೊಡ್ಡ ಮನೆ ಬಿಟ್ಟು ಪೆರಿಯನಾಯಕನಪಾಳ್ಯಂನಲ್ಲಿ ಪುಟ್ಟ ಮನೆ ಕೊಂಡು ಒಬ್ಬರೇ ನೆಲೆಸಿದರು. ಮೊದಲ ಕೆಲಸವೆಂದರೆ ಬಡಗಿಯಿಂದ ಹೊಸ್ತಿಲುಗಳನ್ನೆಲ್ಲ ಕೊಯ್ಸಿದ್ದು! ಚಿಲಕ, ಕನ್ನಡಿ, ಹಿಟ್ಟಿನ ಡಬ್ಬ ಸಮಸ್ತವೂ ಮೊಣಕಾಲೆತ್ತರಕ್ಕೆ ಇಳಿದವು.

ಕುಲಗೌರವ ಸುಮ್ಮನಿದ್ದೀತೇ? ಅವರನ್ನು ಮರಳಿ ಕರೆತರಲು ಅಪ್ಪನ ನೇತೃತ್ವದಲ್ಲಿ ನಿಯೋಗ ಹೊರಟಿತು. ವಾದ ಮಂಡಿಸಲು, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದಿದ್ದ ನಾನು! ಆದರೆ ತೊಡಕು ಬಾಗಿಲಲ್ಲೇ ಬಂತು. ಅಪ್ಪ ಕದದ ಮೇಲ್ಭಾಗವನ್ನೆಲ್ಲ ತಡವಿದರೂ ಚಿಲಕ ಸಿಗಲಿಲ್ಲ.

"ಕೆಳಗೆ ನೋಡಣ್ಣಾ, ಪಾವಂ! ನಿಂತೇ ಇರೋರಿಗೆ ಈ ಮನೆ ಕೊಂಚ ಕಷ್ಟ," ಎಂದು ಒಳಗಿನಿಂದಲೇ ಕನಿಕರಿಸಿದರು ಚಿಕ್ಕಪ್ಪ.

ನಿಯೋಗದಲ್ಲಿದ್ದ ಸೋದರತ್ತೆ ಒಳಹೊಕ್ಕು ನೆಲ ನೋಡಿ ಬೆಚ್ಚಿದರು. "ಅಯ್ಯಯ್ಯೋ! ಹೊಸ್ತಿಲಿಲ್ಲದ ಮನೆಗೆ ಮಹಾಲಕ್ಷ್ಮಿ ಹೆಂಗ್ಡಾ ಬರ್ತಾಳೆ?"

"ಎಡವದೆ ಬರ್ತಾಳೆ, ಅಕ್ಕಾ! ನೀನು ಮೊದಲು ಆ ಮಣೆ ಮೇಲೆ ಕೂತ್ಕೋ."

ಕಾಫಿ ಅರ್ಧವಾದ ಮೇಲೆ ಅತ್ತೆ ಮಣೆಯ ಮರವನ್ನು ಮೆಚ್ಚಿಕೊಂಡರು. "ಬಾಗಿಲಲ್ಲಿ ಇದ್ದದ್ದೇ ಅಕ್ಕಾ ಅದು," ಎಂದರು ಚಿಕ್ಕಪ್ಪ. ಹೊಸ್ತಿಲ ಮೇಲೆ ಕುಳಿತವರನ್ನು ಜೀವಮಾನವಿಡೀ ಗದರಿಸಿದ್ದ ಅತ್ತೆ ಆಗ ನೆಗೆದ ನೆಗೆತವನ್ನು ಏನೆಂದು ಬಣ್ಣಿಸಲಿ!

ಅಪ್ಪನಿಗೆ ರೇಗಿತು. "ತಮಾಷೆ ಸಾಕು, ಹೊರಡು. ಅಲ್ಲಿ ನಿಂಗೇನು ಕೊರತೆ? ಎತ್ಕೊಂಡು ಹೋಗೋಕೆ ಆಳಿಲ್ವಾ?"

ಚಿಕ್ಕಪ್ಪ ಈ ಬಾರಿ ನಗಲಿಲ್ಲ. "ಇದ್ದಾನೆ ಅಣ್ಣಾ. ಅಮ್ಮ ಮಲಗಿರೋ ರೂಮಿಗೆ ನಾಲ್ಕು ಹೊಸ್ತಿಲು. ಅಮ್ಮನ್ನ ನೋಡ್ಬೇಕು ಅಂದ್ರೆ ಆಳಿಗೆ ಬಿಡುವಾಗ್ಬೇಕು. ಮೂಟೆ ಥರ ಇಳಿಸ್ತಾನೆ, 'ಸಾಕಾ?' ಅಂತ ಪಕ್ಕದಲ್ಲೇ ನಿಂತಿರ್ತಾನೆ."

ಸಿದ್ಧಪಡಿಸಿ ತಂದಿದ್ದ ವಾದಗಳನ್ನೆಲ್ಲ ಬಿಟ್ಟು ನಾನು ಕಾಫಿ ಲೋಟಗಳನ್ನು ಎತ್ತಿಟ್ಟೆ. ಹೊರಡುವಾಗ ಅಪ್ಪ ಬಾಗಿಲಲ್ಲಿ ಬಗ್ಗಿ, ಹೊಸ್ತಿಲು ಕೊಯ್ದ ಜಾಗವನ್ನು ಸವರಿ ನೋಡಿದರು.

ಮರುದಿನ ನಮ್ಮ ಮನೆಗೆ ಗರಗಸ ಬಂತು! ಅತ್ತೆಯ ಆಕ್ರಂದನದ ನಡುವೆಯೇ ಹೊಸ್ತಿಲುಗಳು ಹೋದವು. ಮೆಟ್ಟಿಲ ಮೇಲೆ ಇಳಿಜಾರು ಹಲಗೆ ಬಿತ್ತು. ಭಾನುವಾರ ಬೀದಿಯಲ್ಲಿ ಗಾಲಿಗಳ ಸದ್ದು ಕೇಳಿಸಿತು. ಅದು ಜಗಲಿ ದಾಟಿತು, ನಡುಮನೆ ದಾಟಿತು, ಎಲ್ಲಿಯೂ ನಿಲ್ಲದೆ ಅಜ್ಜಿಯ ಕೋಣೆ ಸೇರಿತು.

ಕಣ್ಣು ಮಸುಕಾಗಿದ್ದ ಅಜ್ಜಿ ಕೈಚಾಚಿ ಕೇಳಿದರು: "ಯಾರಪ್ಪಾ ನಿನ್ನ ಎತ್ಕೊಂಡು ಬಂದದ್ದು?"

"ಯಾರೂ ಇಲ್ಲಮ್ಮಾ. ನಾನೇ ಬಂದೆ."

ಸಂಜೆಯವರೆಗೂ ಅಲ್ಲಿದ್ದು ಅವರು ತಮ್ಮ ಮನೆಗೆ ಹೊರಟರು. ಯಾರೂ ತಡೆಯಲಿಲ್ಲ.

ಓದುಗರೇ, ನಿಮ್ಮ ಮನೆಯಲ್ಲಿಯೂ ಜಗಲಿಯಲ್ಲೇ ಉಳಿದುಹೋದವರೊಬ್ಬರು ಇರಬಹುದು. ಎತ್ತಿಕೊಳ್ಳಲು ಧಾವಿಸಬೇಡಿ. ಯಾವ ಹೊಸ್ತಿಲು ಅಡ್ಡವಾಗಿದೆಯೆಂದು ಅವರನ್ನೇ ಕೇಳಿ. ಬಳಿಕ ಬಡಗಿಯನ್ನು ಕರೆಸಿ.