ಬೆಳಗುವ ಕಲ್ಲುಗಳ ಮನೆಯಲ್ಲಿ ನನ್ನ ಸೋಮವಾರ

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಒಂದೇ ಮಾತು ಹೇಳಿ ಬಾಯಿ ಮುಚ್ಚಿಕೊಳ್ಳುವವರು ಮೊದಲನೆಯವರು. ಹೇಳಿದ ಸುಳ್ಳಿಗೆ ಒಗ್ಗರಣೆ ಹಾಕಿ, ಕೊತ್ತಂಬರಿ ಉದುರಿಸಿ, ಎದುರಿನವರು ಬಾಯಿ ಚಪ್ಪರಿಸುವ ತನಕ ಬಿಡದವರು ಎರಡನೆಯವರು. ಮೊದಲನೆಯವರು ಸುಖವಾಗಿ ಬಾಳಿ ಹೋಗುತ್ತಾರೆ. ನಾನು ಎರಡನೆಯ ಬಗೆಯವನು. ಬೀಳಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು ಹೀಗೆ ಒಪ್ಪಿಕೊಳ್ಳಬಾರದು ನಿಜ. ಆದರೆ ಬನಹಟ್ಟಿಯ ಒಂದು ಕತ್ತಲಖೋಲಿಯಲ್ಲಿ ನನ್ನ ಮಾನ ಹೋದ ಮೇಲೆ ಮುಚ್ಚಿಡಲು ಉಳಿದದ್ದಾದರೂ ಏನು?

ಮೊದಲು ಸೋಮವಾರದ ವಿಷಯ ಹೇಳಬೇಕು. ನನ್ನ ಹೆಂಡತಿ ಶಾಂತಾ ಸೋಮವಾರ ಒಪ್ಪತ್ತು ಮಾಡುತ್ತಾಳೆ. ದಿನವೆಲ್ಲ ಚಹಾ ಕೂಡ ಇಲ್ಲ. ಸಂಜೆ ಪೂಜೆ ಮುಗಿಸಿ ಒಂದೇ ಊಟ. ಮದುವೆಯಾದ ಹೊಸತರಲ್ಲಿ, ಆಕೆ ಏನು ಕೇಳಿದರೂ ಹೂಂ ಅನ್ನುತ್ತಿದ್ದ ಕಾಲದಲ್ಲಿ, ನನ್ನಿಂದಲೂ ಆಣೆ ಮಾಡಿಸಿಕೊಂಡಿದ್ದಳು. ಅಂದಿನಿಂದ ನಾನೂ ತಪ್ಪದೆ ಮಾಡುತ್ತಿದ್ದೇನೆ, ಮನೆಯಲ್ಲಿ ಇರುವಷ್ಟು ಹೊತ್ತು. ಸಾಲಿಯಲ್ಲಿದ್ದಾಗ ಶಿಕ್ಷಕರ ಕೋಣೆಗೆ ಚುರಮರಿ ಬಂದರೆ ಅದು ಯಾವ ವಾರವೆಂದು ಕೇಳುವ ಕೆಟ್ಟ ಅಭ್ಯಾಸ ನನಗಿರಲಿಲ್ಲ.

ನಮ್ಮ ಮಗಳು ಶೈಲಾ ಜಮಖಂಡಿಯ ಒಂದು ಸಾಲಿಯಲ್ಲಿ ಕಲಿಸುತ್ತಾಳೆ. ಅದೇ ಸಾಲಿಯಲ್ಲಿ ಕಲಿಸುವ ಬನಹಟ್ಟಿಯ ಮಹೇಶನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಒಳ್ಳೆಯವನು, ನಮ್ಮವರೇ, ನಾವೂ ಒಪ್ಪಿದ್ದೆವು. ಉಳಿದದ್ದು ನಮ್ಮ ಕಡೆಯವರು ಹೋಗಿ ಹುಡುಗನ ಮನೆ ನೋಡುವ ಶಾಸ್ತ್ರ. ನಾವು ಅವರ ಮನೆ ನೋಡುವುದು ಎಂದು ಅದಕ್ಕೆ ಹೆಸರು. ನಿಜದಲ್ಲಿ ಅವರು ನಮ್ಮನ್ನು ನೋಡುವುದು. ಹೂಂ ಅನ್ನುವುದು, ಊಹೂಂ ಅನ್ನುವುದು ಮಹೇಶನ ತಂದೆ ಈರಪ್ಪನವರ ಕೈಯಲ್ಲಿತ್ತು. ಶುಭದಿನವೆಂದು ಶಾಂತಾ ಸೋಮವಾರವನ್ನೇ ಆರಿಸಿದಳು. ಹೊರಡುವ ಮುಂಚೆ ಶೈಲಾ ನನ್ನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡಳು.

"ಅಪ್ಪಾ, ಅವರ ಅಪ್ಪಗ ಸುಳ್ಳಂದ್ರ ಆಗಿಬರೂದಿಲ್ಲ. ನೀ ಹೆಚ್ಚ ಮಾತಾಡಬ್ಯಾಡ. ಈ ಮನಿ ತಪ್ಪಿದ್ರ ನಾ ಬ್ಯಾರೆ ಮನಿ ನೋಡಾಕ ಒಪ್ಪೂದಿಲ್ಲ, ಹೇಳೇನಿ."

"ನಾ ಯಾವಾಗ ಸುಳ್ಳು ಹೇಳೇನಿ?" ಅಂದೆ. ಅವಳು ನನ್ನ ಅಂಗಿಯ ಕಾಲರು ಸರಿಮಾಡಿದಳು. ಶಾಂತಾ ತಾನೇ ಒಗೆದು ಇಸ್ತ್ರಿ ಮಾಡಿದ ಆ ಬಿಳಿ ಅಂಗಿ ಬಿಸಿಲಿಗೆ ಬಂದರೆ ಕಣ್ಣು ಕುಕ್ಕುವಂತಿತ್ತು.

ಜಮಖಂಡಿಯಲ್ಲಿ ಬಸ್ ಬದಲಾಯಿಸಬೇಕು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಶಾಂತಾ ಹಣ್ಣು ಹೂವು ತರಲು ಹೋದಳು. ನಾನು ಚೀಲ ಕಾಯುತ್ತ ನಿಂತೆ. ನಿಂತಲ್ಲಿಗೇ ಮಿರ್ಚಿ ಭಜಿಯ ವಾಸನೆ ಬಂತು. ನಾನಾಗಿ ಹೋಗಲಿಲ್ಲ, ಅದೇ ಬಂತು. ಇದನ್ನು ದಯವಿಟ್ಟು ಗಮನಿಸಬೇಕು. ನಾಲ್ಕೇ ನಾಲ್ಕು ಭಜಿ. ಕೈವಸ್ತ್ರ ಶಾಂತಾಳ ಚೀಲದಲ್ಲಿತ್ತು, ಹೀಗಾಗಿ ಕೈ ತನ್ನಷ್ಟಕ್ಕೆ ತಾನೇ ಅಂಗಿಯ ಪಕ್ಕೆಗೆ ಹೋಗಿ ಒರೆಸಿಕೊಂಡಿತು. ಓಡಿಹೋಗಿ ನಲ್ಲಿಯಲ್ಲಿ ತೊಳೆದೆ. ಭಜಿ ಹಿಟ್ಟಿನ ಅರಿಷಿಣದ ಕಲೆಗೆ ಸಬಕಾರ ಹಚ್ಚಿದರೆ ಕೆಂಪಾಗುತ್ತದೆಂದು ನೆನಪಿತ್ತು, ಬರೀ ನೀರಿನಲ್ಲಿ ಉಜ್ಜಿದೆ. ಮೂವತ್ತು ವರ್ಷ ಕಲಿಸಿದ ವಿಜ್ಞಾನ ನನ್ನ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಬನಹಟ್ಟಿ ಮುಟ್ಟುವುದರೊಳಗೆ ಅಂಗಿ ಒಣಗಿ, ಕಲೆ ಇತ್ತೆಂದು ನನಗೇ ನಂಬಿಕೆ ಬರದಂತಾಗಿತ್ತು.

ಈರಪ್ಪನವರು ಬಾಗಿಲಲ್ಲೇ ಕಾಯುತ್ತಿದ್ದರು. ಸಣಕಲು ಮನುಷ್ಯ, ದಪ್ಪ ಕನ್ನಡಕ. ನಲವತ್ತು ವರ್ಷ ಸೀರೆಯ ನೂಲಿಗೆ ಬಣ್ಣ ಹಾಕಿದ ಕೈ; ಉಗುರುಗಳ ಸಂದಿಯಲ್ಲಿ ಇನ್ನೂ ನೀಲಿ ಉಳಿದಿತ್ತು. "ಬರ್ರಿ ಮಾಸ್ತರ, ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ," ಎಂದು ಕೂರಿಸಿದರು. ಅವರ ಮನೆಯಾಕೆ ತಾಟಿನ ತುಂಬ ಶಿರಾ, ಉಪ್ಪಿಟ್ಟು ತಂದಿಟ್ಟರು. ಶಾಂತಾ ಮೆಲ್ಲಗೆ, "ಸೋಮವಾರ ಒಪ್ಪತ್ತು ಇರತೈತ್ರಿ, ತಪ್ಪು ತಿಳೀಬ್ಯಾಡ್ರಿ," ಅಂದಳು. ನನ್ನ ಹೊಟ್ಟೆಯಲ್ಲಂತೂ ಜಾಗವೇ ಇರಲಿಲ್ಲ. "ನಂದೂ ಒಪ್ಪತ್ತ ರೀ," ಅಂದೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಬಗೆಯವರು ನಿಲ್ಲಿಸುವುದಿಲ್ಲ. "ಮೂವತ್ತೊಂದು ವರ್ಷ ಆತ್ರಿ, ಒಂದ ಸೋಮವಾರ ತಪ್ಪಿಲ್ಲ. ಮುಂಜಾನಿಂದ ಬಾಯಾಗ ಒಂದ ಹನಿ ನೀರ ಬಿಟ್ಟಿಲ್ಲ. ಜ್ವರ ಬಂದಾಗೂ ಗುಳಿಗಿ ಸಂಜೀಕ ತಗೊಂಡೇನ್ರಿ," ಅಂದೆ.

ಈರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಂಥಾ ನೇಮದ ಮಂದಿ ಈಗ ಎಲ್ಲಿ ಸಿಗತಾರ್ರಿ!" ಅಂದರು. ಶಾಂತಾ ನನ್ನನ್ನು ನೋಡಿದ ನೋಟವನ್ನು ಹೇಗೆ ಹೇಳಲಿ? ಮದುವೆಯ ದಿನ ಕೂಡ ಆಕೆ ಹಾಗೆ ನೋಡಿರಲಿಲ್ಲ. ಮಗಳ ಲಗ್ನ ಗೊತ್ತಾದಂತೆಯೇ ಎಂದು ಕಾಲು ಚಾಚಿ ಕೂತೆ.

"ನೀವು ವಿಜ್ಞಾನದ ಮಾಸ್ತರು. ನನ್ನ ಕಲ್ಲು ನೋಡಾಕ ಬೇಕು," ಎಂದು ಈರಪ್ಪನವರು ಎದ್ದರು. ನಾನೂ ಶಾಂತಾಳೂ ಅವರ ಹಿಂದೆ ಹೋದೆವು. ಮನೆಯ ಹಿಂದೆ, ಮಗ್ಗ ತೆಗೆದ ಖಾಲಿ ಶೆಡ್ಡಿನಲ್ಲಿ ಅವರೊಂದು ಸಂಗ್ರಹಾಲಯ ಮಾಡಿದ್ದರು. ಬಾಗಿಲ ಮೇಲೆ ಕೈಬರಹದಲ್ಲಿ 'ಬೆಳಗುವ ಕಲ್ಲುಗಳ ಮನೆ' ಎಂದು ಬರೆದಿತ್ತು. ಓಣಿಯ ಮಂದಿಗೆ ಅದು ಕತ್ತಲಖೋಲಿ. ಒಳಗೆ ಹಲಗೆಗಳ ಮೇಲೆ ಕಲ್ಲುಗಳು, ಒಂದೊಂದಕ್ಕೂ ಒಂದು ಚೀಟಿ: 'ಹುನ್ನೂರ, ಹೊಲದ ಬದು', 'ಬೀಳಗಿ, ಬಾವಿ ತೋಡುವಾಗ', 'ಮುಧೋಳ ರಸ್ತೆ, ಬಸ್ ಕೆಟ್ಟು ನಿಂತಾಗ'. ರಸ್ತೆಯ ಬದಿಗೆ ಬಿದ್ದಿದ್ದರೆ ನಾನು ಎಡವಿ ಬೈದು ಮುಂದೆ ಹೋಗುತ್ತಿದ್ದ ಬೂದು ಕಲ್ಲುಗಳು. ಗೋಡೆಗಳಂತೂ ಸುಣ್ಣ ಬಳಿದು ಬಿಟ್ಟಂತೆ ಖಾಲಿ. "ಛಲೋ ಅದಾವ್ರಿ," ಅಂದೆ, ಮಗಳ ಮುಖ ನೆನೆದು.

ಈರಪ್ಪನವರು ನಕ್ಕು ಬಾಗಿಲು ಮುಚ್ಚಿ, ಒಂದು ನೇರಳೆ ದೀಪ ಹಚ್ಚಿದರು.

ಅಬ್ಬಾ! ಬದುವಿನ ಕಲ್ಲು ಕೆಂಡದಂತೆ ಕೆಂಪಾಯಿತು. ನಮ್ಮ ಬೀಳಗಿಯ ಕಲ್ಲು ಹಸಿರಾಗಿ ಹೊಳೆಯಿತು. ಖಾಲಿ ಗೋಡೆಯ ಮೇಲೆ ನವಿಲು, ಮಗ್ಗ, ಹೊಳೆಯ ಮೀನು, ಓಡುವ ಮುಧೋಳ ನಾಯಿ ಎಲ್ಲ ಒಮ್ಮೆಲೇ ಎದ್ದು ಬಂದವು. ನೇರಳಾತೀತ ಕಿರಣ ಕಣ್ಣಿಗೆ ಕಾಣುವುದಿಲ್ಲ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಕಾಣದ್ದು ಎಂದ ಮೇಲೆ ತೋರಿಸುವ ಪ್ರಶ್ನೆಯೇ ಬರಲಿಲ್ಲ, ನೋಡುವ ಆಸೆಯೂ ಆಗಿರಲಿಲ್ಲ. ಈ ಬಣ್ಣದ ಮನುಷ್ಯ ಯಾರೂ ಕೇಳದಿದ್ದರೂ ಒಬ್ಬನೇ ಕೂತು ಇಷ್ಟೆಲ್ಲ ಮಾಡಿದ್ದ. ನನಗೆ ನಾಚಿಕೆಯಾಯಿತು.

ನಾಯಿಗೆ ಐದು ಕಾಲು ಇದ್ದವು. ಕೇಳಿಯೇ ಬಿಟ್ಟೆ.

"ಈ ಬಣ್ಣ ಬೆಳಕಿನಾಗ ಕಾಣೂದಿಲ್ರಿ, ಕತ್ತಲದಾಗ ನನಗ ಬರಿಯಾಕ ಬರೂದಿಲ್ರಿ," ಅಂದರು ಈರಪ್ಪನವರು. "ಎಲ್ಲಿ ಮಟಾ ಬರದೀನಿ ಅಂತ ಮರ್ತು ಮತ್ತೊಂದು ಕಾಲು ಬರದ್ನಿ. ಇರಲಿ ಬಿಡ್ರಿ, ಓಡಾಕತ್ತೈತಿ, ಒಂದ ಹೆಚ್ಚಿದ್ರ ಛಲೋನ."

ನಾನು ಜೋರಾಗಿ ನಕ್ಕೆ. ನಗುತ್ತ ಅವರತ್ತ ತಿರುಗಿದೆ. ಅವರು ನಗುತ್ತಿರಲಿಲ್ಲ; ನನ್ನ ಅಂಗಿಯನ್ನೇ ನೋಡುತ್ತಿದ್ದರು. ನಾನೂ ಬಗ್ಗಿ ನೋಡಿಕೊಂಡೆ. ಶಾಂತಾಳ ಸಬಕಾರ ಪುಡಿಯ ಪುಣ್ಯದಿಂದ ಅಂಗಿ ನೀಲಿಯಾಗಿ ಝಗಝಗ ಉರಿಯುತ್ತಿತ್ತು. ಆ ನೀಲಿಯ ನಡುವೆ ಹೊಟ್ಟೆಯ ಮೇಲೊಂದು, ಕಿಸೆಯ ಮೇಲೊಂದು, ತೋಳಿನ ಮೇಲೊಂದು ಹಳದಿ ಹಸಿರು ಮಚ್ಚೆ. ಪಕ್ಕೆಯಲ್ಲಿ ಐದು ಬೆರಳು, ಯಾರೋ ದೀಪ ಹಚ್ಚಿಟ್ಟ ಹಾಗೆ. ಮೀಸೆಯೂ ಹೊಳೆಯುತ್ತಿತ್ತೆಂದು ಶಾಂತಾ ಆಮೇಲೆ ಹೇಳಿದಳು.

ಈರಪ್ಪನವರು ದೀಪ ಹತ್ತಿರ ತಂದು, ಹೊಸ ಕಲ್ಲು ಸಿಕ್ಕವರಂತೆ ಬಗ್ಗಿ ನೋಡಿದರು. "ಮಾಸ್ತರ, ಇದು ಅರಿಷಿಣ. ಎಣ್ಣ್ಯಾಗ ಕರದದ್ದು. ಇವತ್ತಿನದ," ಅಂದರು. ಬಣ್ಣದ ವಿಷಯದಲ್ಲಿ ಅವರ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ.

ನಿನ್ನೆಯ ಕಲೆ ಎನ್ನಬಹುದಿತ್ತು. ಬಸ್ಸಿನಲ್ಲಿ ಪಕ್ಕದವನು ಒರೆಸಿದ ಎನ್ನಬಹುದಿತ್ತು. ಆ ಪಕ್ಕದವನ ಊರು, ಹೆಸರು, ಅವನ ಹೆಂಡತಿಯ ತವರು ಎಲ್ಲ ನನ್ನ ನಾಲಿಗೆಯ ತುದಿಗೆ ಬಂದಿದ್ದವು. ಆದರೆ ಶೈಲಾ ಕಾಲರು ಸರಿಮಾಡಿದ್ದು ನೆನಪಾಯಿತು.

"ಜಮಖಂಡಿ ಸ್ಟ್ಯಾಂಡಿನಾಗ ಮಿರ್ಚಿ ಭಜಿ ತಿಂದ್ನಿರಿ," ಅಂದೆ. "ನಾಕು. ತಪ್ಪು ನಂದು, ಮಗಳ ಮ್ಯಾಲ ಹಾಕಬ್ಯಾಡ್ರಿ. ಅಕಿ ಸುಳ್ಳು ಹೇಳೂದಿಲ್ಲ, ಅಕಿ ಪೂರಾ ಅವ್ವನ ಹಂಗ."

ಕತ್ತಲಲ್ಲಿ ಹಿಂದಿನಿಂದ ಶಾಂತಾಳ ದನಿ ಬಂತು. "ನಾಕಾ?"

ಈರಪ್ಪನವರು ದೀಪವನ್ನು ಹೊಟ್ಟೆ, ಕಿಸೆ, ತೋಳಿನ ಮಚ್ಚೆಗಳ ಮೇಲೆ ಒಂದೊಂದಾಗಿ ಹಿಡಿದು ಎಣಿಸಿದರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಣಿಯತೊಡಗಿತು. "ಕಲೆ ಮೂರು ಅದಾವ್ರಿ, ನಾ ಮೂರ ಭಜಿ ಅಂತ ಎಣಿಸಿದ್ನಿ. ನೀವು ಒಂದು ಕೂಡಿಸಿ ಹೇಳಿದ್ರಿ. ಸಿಕ್ಕಬಿದ್ದ ಮ್ಯಾಲೂ ಕೂಡಿಸಿ ಹೇಳೂ ಮನಷ್ಯಾನ ಕೂಡ ಬೀಗತನ ಮಾಡಾಕ ನನಗೇನ ಅಡ್ಡಿ ಇಲ್ಲ," ಎಂದರು.

ಲಗ್ನವಾಯಿತು. ಅರಿಷಿಣ ಹಚ್ಚುವ ದಿನ ಕೂತು ಕೂತು ಕಾಲು ಜೋಮು ಹಿಡಿದು, ಶೈಲಾ ಮಣೆಯಿಂದ ಏಳುವಾಗ ಅರಿಷಿಣದ ಕೈಯಲ್ಲೇ ನನ್ನ ಹೆಗಲು ಹಿಡಿದಳು. ಅಂಗಿ ಅದೇ ಬಿಳಿ ಅಂಗಿ. ಆಮೇಲೆ ಒಗೆದಾಯಿತು, ಕಲೆ ಹೋಯಿತು, ಮಗಳೂ ಬನಹಟ್ಟಿಗೆ ಹೋದಳು. ಮನೆ ಭಣಭಣ ಎನ್ನತೊಡಗಿತು. ಶಾಂತಾ ಮಾತು ಕಡಿಮೆ ಮಾಡಿದಳು. ಆದರೆ ಬೀಗರು ಕಾಣಿಕೆಯಾಗಿ ಕೊಟ್ಟ ನೇರಳೆ ಬೆಳಕಿನ ಪುಟ್ಟ ಬ್ಯಾಟರಿಯೊಂದು ಅವಳ ಹತ್ತಿರ ಇತ್ತು. ಪ್ರತಿ ಸೋಮವಾರ ನಾನು ಹೊರಗಿನಿಂದ ಬಂದ ಕೂಡಲೇ ಕಿಟಕಿ ಮುಚ್ಚಿ, ನನ್ನನ್ನು ಗೋಡೆಗೆ ನಿಲ್ಲಿಸಿ ತಪಾಸಣೆ ನಡೆಯುತ್ತಿತ್ತು.

ಕಳೆದ ಸೋಮವಾರ ಆ ಅಂಗಿ ಹಾಕಿಕೊಂಡಿದ್ದೆ. ನಿಜವಾಗಿಯೂ ಏನೂ ತಿಂದಿರಲಿಲ್ಲ. ಎದೆ ಉಬ್ಬಿಸಿ ನಿಂತೆ. ಶಾಂತಾ ಬ್ಯಾಟರಿ ಹಚ್ಚಿದಳು. ಹೊಟ್ಟೆ, ಕಿಸೆ, ತೋಳು ಎಲ್ಲ ಸ್ವಚ್ಛ. ಬೆಳಕು ಮೇಲೇರಿ ಹೆಗಲ ಮೇಲೆ ನಿಂತಿತು. ಅಲ್ಲಿ ಒಂದು ಸಣ್ಣ ಅಂಗೈ, ಐದೂ ಬೆರಳು, ಮಸುಕಾಗಿ ಹೊಳೆಯುತ್ತಿತ್ತು. ಶಾಂತಾ ಅದರ ಮೇಲೆ ತನ್ನ ಕೈ ಇಟ್ಟಳು. ನನ್ನ ಕಣ್ಣು ತುಂಬಿ ಬಂತು.

ಬ್ಯಾಟರಿ ಆರಿಸಿದ ಮೇಲೆ ಕತ್ತಲಲ್ಲೇ ಕೇಳಿದಳು. "ಅವತ್ತು ತಿಂದದ್ದು ಖರೇನ ನಾಕ ಏನ್ರಿ?"

ಇಂಥ ಹೊತ್ತಿನಲ್ಲಿ ಸುಳ್ಳು ಹೇಳಿದರೆ ನರಕಕ್ಕೇ ಹೋಗಬೇಕು. "ಐದು," ಅಂದೆ.

ಶಾಂತಾ ನಕ್ಕಳು. ಮಗಳು ಹೋದ ಮೇಲೆ ಮೊದಲ ಸಲ, ಮನೆಯೆಲ್ಲ ಕೇಳುವಂತೆ ನಕ್ಕಳು. "ಖರೆ ಹೇಳಾಕ ಇಷ್ಟ ದಿನಾ ಬೇಕಾತ?" ಎಂದು ಕಿಟಕಿ ತೆರೆಯಲು ಹೋದಳು.

ಆರನೆಯದನ್ನು ಅರ್ಧ ತಿನ್ನುವಷ್ಟರಲ್ಲಿ ಅವತ್ತು ಅವಳು ಹೂವು ಹಿಡಿದು ಬರುವುದು ಕಂಡಿತ್ತು. ಉಳಿದರ್ಧ ನಾಯಿಗೆ ಹಾಕಿದೆ. ನಾನು ತಿಂದ ಅರ್ಧವನ್ನು ಮಾತ್ರ ಅವಳಿಗೆ ಇನ್ನೂ ಹೇಳಿಲ್ಲ.